ಕಪ್ಪಿನ ಮಡಿಲಲ್ಲಿ ಬೆಳ್ಳಿಯ ಬಳ್ಳಿ

ಬೀದರ್‌ಗೆ ಮೊದಲ ಬಾರಿ ಹೋದವರ ಕಣ್ಣಿಗೆ ಥಟ್ಟನೆ ಬೀಳುವುದು ಅಲ್ಲಿನ ಕೆಂಪು. ಊರು ಕುಳಿತಿರುವುದೇ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಹೊಲದ ಮಣ್ಣು ಕೆಂಪು, ಹಳೆಯ ಮನೆಗಳ ಗೋಡೆ ಕೆಂಪು, ದಕ್ಷಿಣ ದಿಕ್ಕಿನಲ್ಲಿ ಆ ಕಲ್ಲನ್ನೇ ಕಡಿದು ತೋಡಿದ ಕೋಟೆಯ ಮೂರು ಸಾಲಿನ ಕಂದಕವೂ ಕೆಂಪು. ಆದರೆ ಈ ಕೆಂಪು ಊರಿನ ಹೆಸರನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದವರೆಗೆ ಮುಟ್ಟಿಸಿದ್ದು ಒಂದು ಕಪ್ಪು ವಸ್ತು. ಅದೇ ಬಿದ್ರಿ.

ಊರ ನಡುವೆ ನಾಲ್ಕು ರಸ್ತೆಗಳು ಕೂಡುವಲ್ಲಿ ಚೌಬಾರಾ ಎಂಬ ದುಂಡನೆಯ ಎತ್ತರದ ಕಾವಲು ಗೋಪುರವಿದೆ. ಹಳೆಯ ಊರಿನ ಓಣಿಗಳಲ್ಲಿ, ಅದರಲ್ಲೂ ಸಿದ್ದೀಕ್ ತಾಲೀಮ್ ಎಂಬ ಭಾಗದಲ್ಲಿ ನಡೆದು ಹೋದರೆ ಅಂಗಡಿಯ ಫಲಕ ಕಾಣುವ ಮೊದಲೇ ಸದ್ದೊಂದು ಕಿವಿಗೆ ಬೀಳುತ್ತದೆ. ಟಕ್, ಟಕ್, ಟಕ್. ಕಮ್ಮಾರನ ಸುತ್ತಿಗೆಯ ಭಾರವಾದ ಪೆಟ್ಟಲ್ಲ, ಅಕ್ಕಸಾಲಿಗನದರಷ್ಟು ಹಗುರವೂ ಅಲ್ಲ. ಎರಡರ ನಡುವಿನ ಒಂದು ಹದವಾದ ಸದ್ದು. ಒಳಗೆ ಇಣುಕಿದರೆ ನೆಲದ ಮೇಲೆ ಕುಳಿತ ಕೆಲಸಗಾರ, ಮುಂದೆ ಒಂದು ಕಲ್ಲು, ಕಲ್ಲಿಗೆ ಅರಗಿನಿಂದ ಅಂಟಿಸಿದ ಸಣ್ಣ ತಟ್ಟೆ, ಅದರ ಮೇಲೆ ಕೂದಲೆಳೆಯಂಥ ಗೆರೆಗಳು. ಕೈಯಲ್ಲಿ ಬೆರಳುದ್ದದ ಉಳಿ.

ಕಲ್ಲಿನಲ್ಲೂ ಕಂಡ ಕಸೂತಿ

ಬಿದ್ರಿಯನ್ನು ಅರಿಯಲು ಹೊರಟವರು ಅಂಗಡಿಗೆ ಹೋಗುವ ಮೊದಲು ಕೋಟೆಯೊಳಗಿನ ರಂಗೀನ್ ಮಹಲನ್ನು ನೋಡುವುದು ಒಳ್ಳೆಯದು. ಬಹಮನಿ ಸುಲ್ತಾನ ಅಹ್ಮದ್ ಷಾ 15ನೆಯ ಶತಮಾನದಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದ. ಬಹಮನಿಗಳ ನಂತರ ಬಂದ ಬರೀದ್ ಷಾಹಿಗಳ ಪೈಕಿ ಅಲಿ ಬರೀದ್ ಷಾ (1542-80) ಈ ಮಹಲಿಗೆ ಇಂದಿನ ರೂಪ ಕೊಟ್ಟವನು. ಹೊರಗಿನಿಂದ ಅದು ಅಂಥ ದೊಡ್ಡ ಕಟ್ಟಡವೇನೂ ಅಲ್ಲ. ಒಳಗೆ ಹೋದರೆ ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚಿನ ಹಲಗೆಗಳು, ಅವೆಲ್ಲಕ್ಕಿಂತ ಮಿಗಿಲಾಗಿ ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ. ನುಣುಪಾದ ಕರಿಕಲ್ಲಿನಲ್ಲಿ ಬಳ್ಳಿಯ ಆಕಾರಕ್ಕೆ ತಗ್ಗು ತೋಡಿ, ಅದೇ ಆಕಾರಕ್ಕೆ ಕತ್ತರಿಸಿದ ಚಿಪ್ಪನ್ನು ಅದರಲ್ಲಿ ಕೂರಿಸಿದ್ದಾರೆ. ಕಿಟಕಿಯ ಬೆಳಕು ಬಿದ್ದಾಗ ಬಳ್ಳಿ ಮಾತ್ರ ಹೊಳೆಯುತ್ತದೆ, ಕಲ್ಲು ಸುಮ್ಮನಿರುತ್ತದೆ.

ಕರಿಯ ಒಡಲು, ಬಿಳಿಯ ಹೊಳಪು. ಒಂದು ವಸ್ತುವಿನಲ್ಲಿ ತಗ್ಗು ತೋಡಿ ಇನ್ನೊಂದನ್ನು ಕೂರಿಸುವುದು. ರಂಗೀನ್ ಮಹಲಿನಲ್ಲಿ ಕಲ್ಲು ಮತ್ತು ಚಿಪ್ಪು ಮಾಡಿದ್ದನ್ನು ಬಿದ್ರಿಯಲ್ಲಿ ಲೋಹ ಮತ್ತು ಬೆಳ್ಳಿ ಮಾಡುತ್ತವೆ. ಇರಾನಿನಿಂದ ಬಂದ ಒಬ್ಬ ಕುಶಲಕರ್ಮಿ ಬಹಮನಿಗಳ ಕಾಲದಲ್ಲಿ ಈ ವಿದ್ಯೆಯನ್ನು ತಂದನೆಂದು ಬೀದರ್‌ನ ಕಸುಬುದಾರರು ಹೇಳುತ್ತಾರೆ. ಮೂಲ ಎಲ್ಲಿಯದೇ ಇರಲಿ, ಅದು ಬೇರು ಬಿಟ್ಟದ್ದು ಈ ಮಣ್ಣಿನಲ್ಲಿ. ಇಲ್ಲಿ 'ಮಣ್ಣು' ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಬೇಕು.

ಎರಕದಿಂದ ಉಳಿಯವರೆಗೆ

ಬಿದ್ರಿ ಪಾತ್ರೆಯ ಒಡಲು ಬೆಳ್ಳಿಯೂ ಅಲ್ಲ, ಕಬ್ಬಿಣವೂ ಅಲ್ಲ. ಅದು ಸತುವು. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಸೇರಿಸಿದ ಮಿಶ್ರಲೋಹ. ಇದರಲ್ಲಿ ಒಂದು ಸ್ವಾರಸ್ಯವಿದೆ. ಸತುವು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, 907 ಡಿಗ್ರಿಯಲ್ಲಿ ಕುದಿದು ಆವಿಯಾಗುತ್ತದೆ. ತಾಮ್ರ ಕರಗಬೇಕಾದರೆ 1085 ಡಿಗ್ರಿ ಬೇಕು. ಅಂದರೆ ತಾಮ್ರ ಕರಗುವಷ್ಟು ಕಾಯಿಸಲು ಹೋದರೆ ಸತುವೇ ಉಳಿಯದು. ಹಾಗಾದರೆ ಇವೆರಡೂ ಸೇರುವುದು ಹೇಗೆ? ಉಪ್ಪು ನೀರಿನಲ್ಲಿ ಕರಗಲು ಉಪ್ಪನ್ನು ಬೆಂಕಿಯಲ್ಲಿ ಕಾಯಿಸಬೇಕಾಗಿಲ್ಲ, ನೀರಿದ್ದರೆ ಸಾಕು. ಹಾಗೆಯೇ ಕರಗಿದ ಸತುವಿನಲ್ಲಿ ತಾಮ್ರ ತನ್ನ ಕರಗುವ ಬಿಂದುವಿಗಿಂತ ಬಹಳ ಕೆಳಗಿನ ಶಾಖದಲ್ಲೇ ಲೀನವಾಗುತ್ತದೆ. ಉಷ್ಣತಾಮಾಪಕವಿಲ್ಲದ ಕಾಲದಲ್ಲಿ ಬೆಂಕಿಯ ಬಣ್ಣ ನೋಡಿಯೇ ಕೆಲಸಗಾರರು ಈ ಹದ ಹಿಡಿದರು.

ಸತುವನ್ನು ಲೋಹವಾಗಿ ಪಡೆಯುವುದೂ ಸುಲಭದ ಮಾತಲ್ಲ. ಅದಿರನ್ನು ಇದ್ದಿಲಿನೊಡನೆ ಕಾಯಿಸಿದರೆ ಲೋಹ ಆವಿಯಾಗಿ ಹೊರಬಂದು, ಗಾಳಿ ತಗುಲಿದೊಡನೆ ಉರಿದು ಬಿಳಿಯ ಬೂದಿಯಾಗುತ್ತದೆ. ರಾಜಸ್ಥಾನದ ಜಾವರ್ ಎಂಬಲ್ಲಿ ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳನ್ನು ತಲೆಕೆಳಗಾಗಿ ನಿಲ್ಲಿಸಿ, ಆವಿಯನ್ನು ಕೆಳಕ್ಕೆ ಇಳಿಸಿ ತಣಿಸುವ ಉಪಾಯವನ್ನು ನಮ್ಮ ದೇಶದ ಲೋಹಕಾರರು ಕಂಡುಕೊಂಡಿದ್ದರು. ಯುರೋಪಿನಲ್ಲಿ ಮಾರ್ಗ್ರಾಫ್ ಎಂಬ ರಸಾಯನಶಾಸ್ತ್ರಜ್ಞ ಸತುವನ್ನು ಬೇರ್ಪಡಿಸಿ ಅದರ ಗುಣ ವಿವರಿಸಿದ್ದು 1746ರಲ್ಲಿ. ಆ ವೇಳೆಗೆ ದಖ್ಖನ್ನಿನ ಮನೆಗಳಲ್ಲಿ ಬಿದ್ರಿಯ ಹುಕ್ಕಾಗಳು ಹಳೆಯ ಸಾಮಾನಾಗಿದ್ದವು.

ಸತುವಿಗೆ ಇನ್ನೊಂದು ಗುಣವಿದೆ. ಸಾಮಾನ್ಯ ಶಾಖದಲ್ಲಿ ಅದು ಪೆಡಸು. ಹಿತ್ತಾಳೆಯಂತೆ ಬಡಿದು ಪಾತ್ರೆ ಮಾಡುವಂತಿಲ್ಲ, ಎರಕವನ್ನೇ ಹೊಯ್ಯಬೇಕು. ಅದಕ್ಕಾಗಿ ಕೆಂಪು ಮಣ್ಣಿಗೆ ಹರಳೆಣ್ಣೆ, ರಾಳ ಬೆರೆಸಿ ಅಚ್ಚು ಸಿದ್ಧಪಡಿಸುತ್ತಾರೆ. ಎರಕ ಆರಿದ ಮೇಲೆ ಒರಟು ಮೈಯನ್ನು ಅರದಿಂದ ಉಜ್ಜಿ, ಉಪ್ಪುಕಾಗದದಿಂದ ತೀಡಿ ನುಣುಪು ಮಾಡುತ್ತಾರೆ. ಆಗ ಪಾತ್ರೆ ಬೂದು ಬಿಳುಪಾಗಿರುತ್ತದೆ. ಬಿಳುಪಿನ ಮೇಲೆ ಗೆರೆ ಕಾಣುವುದಿಲ್ಲ. ಆದ್ದರಿಂದ ಮೈಲುತುತ್ತದ ನೀರನ್ನು ಸವರುತ್ತಾರೆ. ಮೈಲುತುತ್ತದಲ್ಲಿರುವ ತಾಮ್ರ ಸತುವಿನ ಮೇಲೆ ಕಪ್ಪಗೆ ಕೂರುತ್ತದೆ. ಇದು ತಾತ್ಕಾಲಿಕ ಕಪ್ಪು, ಮಗುವಿನ ಪಾಟಿಯಂತೆ. ಅದರ ಮೇಲೆ ಮೊನೆಯಾದ ಕಡ್ಡಿಯಿಂದ ಚಿತ್ತಾರ ಬಿಡಿಸುತ್ತಾರೆ. ಕಳಿತ ಕೈಗಳಿಗೆ ಅಳತೆಪಟ್ಟಿ, ಕೈವಾರ ಹೆಚ್ಚಾಗಿ ಬೇಕಾಗುವುದಿಲ್ಲ.

ನಂತರ ಉಳಿಯ ಕೆಲಸ. ಬರೆದ ಗೆರೆಯ ಗುಂಟ ತಗ್ಗು ತೋಡಿ ಅದರೊಳಗೆ ಬೆಳ್ಳಿಯ ತಂತಿಯನ್ನಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾರೆ. ಶುದ್ಧ ಬೆಳ್ಳಿ ಮೃದು. ಪೆಟ್ಟು ಬಿದ್ದೊಡನೆ ಹರಡಿಕೊಂಡು ತಗ್ಗಿನ ಅಂಚುಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬೆಸುಗೆ ಇಲ್ಲ, ಅಂಟೂ ಇಲ್ಲ. ತಂತಿಯ ಕೆಲಸಕ್ಕೆ ತಾರಕಶಿ ಎಂದು ಹೆಸರು, ತಗಡನ್ನು ಕೂರಿಸುವುದಕ್ಕೆ ತೆಹನಿಶಾನ್. ಬೆಳ್ಳಿಯ ತಗಡು ಹೊದಿಸಿ ಅದರಲ್ಲಿ ಹೂವಿನ ಆಕಾರವನ್ನು ಕತ್ತರಿಸಿ ತೆಗೆದು, ಕೆಳಗಿನ ಕಪ್ಪೇ ಹೂವಾಗಿ ಕಾಣುವಂತೆ ಮಾಡುವುದಕ್ಕೆ ಅಫ್ತಾಬಿ. ನಾಣ್ಯದಂಥ ದುಂಡು ಹೂವಿನ ಸಾಲಿಗೆ ಅಶರ್ಫಿ ಕಿ ಬೂಟಿ ಎನ್ನುತ್ತಾರೆ. ಗಸಗಸೆಯ ಗಿಡ, ದ್ರಾಕ್ಷಿಯ ಬಳ್ಳಿ, ನಕ್ಷತ್ರ ಇವೆಲ್ಲ ತಲೆಮಾರುಗಳಿಂದ ಬಂದ ಚಿತ್ತಾರಗಳು.

ಕೋಟೆಯ ಮಣ್ಣಿನ ಮಹಿಮೆ

ಇಷ್ಟೆಲ್ಲ ಆದ ಮೇಲೆ ಪಾತ್ರೆಯನ್ನು ಮತ್ತೆ ಉಜ್ಜುತ್ತಾರೆ. ಮೈಲುತುತ್ತದ ಕಪ್ಪು ಪೂರ್ತಿ ಹೋಗುತ್ತದೆ. ಈಗ ನೋಡಿದರೆ ದಿನಗಟ್ಟಲೆ ದುಡಿದ ಕೆಲಸವೆಲ್ಲ ಮಾಯವಾದಂತೆ. ಸತುವಿನ ಬಿಳುಪಿನಲ್ಲಿ ಬೆಳ್ಳಿಯ ಬಿಳುಪು ಬೆರೆತು, ಎಲ್ಲಿ ಬಳ್ಳಿ ಎಲ್ಲಿ ಬಯಲು ಎಂಬುದೇ ತಿಳಿಯದು. ಹೊಸಬರು ಈ ಘಟ್ಟದಲ್ಲಿ ಬಂದರೆ ಇದನ್ನೇಕೆ ಹೊಗಳುತ್ತಾರೆಂದು ಬೆರಗಾಗಬೇಕು.

ಆಗ ಬರುತ್ತದೆ ಕೋಟೆಯ ಮಣ್ಣು. ಹಳೆಯ ಕಟ್ಟಡಗಳ ಒಳಗೆ, ತಲೆಮಾರುಗಳ ಕಾಲ ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಆಗಬೇಕು. ಹಿರಿಯ ಕೆಲಸಗಾರರು ಚಿಟಿಕೆ ಮಣ್ಣನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ. ಕೇಳಿದವರಿಗೆ ಇದು ಮೂಢನಂಬಿಕೆಯಂತೆ ತೋರಬಹುದು. ಆದರೆ ಮಳೆ ತಾಗದ ಹಳೆಯ ಗೋಡೆ, ನೆಲಗಳಲ್ಲಿ ನೈಟ್ರೇಟಿನಂಥ ಲವಣಗಳು ಸೇರಿಕೊಳ್ಳುವುದು ರಸಾಯನಶಾಸ್ತ್ರಕ್ಕೆ ಗೊತ್ತಿರುವ ಸಂಗತಿ. ಮಳೆ ಬಿದ್ದರೆ ಅವು ತೊಳೆದು ಹೋಗುತ್ತವೆ. ನಾಲಗೆ ಹುಡುಕುವುದು ಆ ಲವಣಗಳನ್ನೇ. ಪ್ರಯೋಗಾಲಯ ಇಲ್ಲದ ಕಡೆ ನಾಲಗೆಯೇ ಪ್ರಯೋಗಾಲಯ.

ಈ ಮಣ್ಣಿಗೆ ನವಸಾಗರ ಮತ್ತು ನೀರು ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಕೆಲವೇ ನಿಮಿಷ. ತೊಳೆದು ತೆಗೆದರೆ ಒಡಲು ಕಾಡಿಗೆಯಂತೆ ಕಪ್ಪು, ಬೆಳ್ಳಿ ಮಾತ್ರ ಮೊದಲಿಗಿಂತ ಬಿಳುಪು. ಸತುವು ಮತ್ತು ಅದರೊಳಗಿನ ತಾಮ್ರ ಈ ಲೇಪಕ್ಕೆ ಸ್ಪಂದಿಸುತ್ತವೆ, ಬೆಳ್ಳಿ ಸ್ಪಂದಿಸುವುದಿಲ್ಲ. ಮಿಶ್ರಲೋಹದಲ್ಲಿ ಆ ಒಂದು ಪಾಲು ತಾಮ್ರ ಏಕೆ ಬೇಕಿತ್ತೆಂಬುದು ಈಗ ತಿಳಿಯುತ್ತದೆ. ಬರಿಯ ಸತುವಿಗೆ ಈ ಕಡುಗಪ್ಪು ಹತ್ತುವುದಿಲ್ಲ. ಕೊನೆಗೆ ಎಣ್ಣೆ ಸವರಿದರೆ ಕಪ್ಪು ಇನ್ನೂ ಆಳವಾಗುತ್ತದೆ.

ಬಿದ್ರಿಯ ಸೊಬಗು ಇರುವುದು ಇಲ್ಲಿಯೇ. ಬೆಳ್ಳಿ ಹೊಳೆಯುವುದು ಅದನ್ನು ಮೆರುಗುಗೊಳಿಸಿದ್ದರಿಂದಷ್ಟೇ ಅಲ್ಲ, ಅದರ ಸುತ್ತಲಿನದು ಹಿಂದೆ ಸರಿದು ನಿಂತದ್ದರಿಂದ. ಈ ವಸ್ತುವಿನಲ್ಲಿ ವ್ಯರ್ಥವಾದುದು ಏನೂ ಇಲ್ಲ. ತಾಮ್ರ ಕಪ್ಪಿಗಾಗಿ, ಕಪ್ಪು ಬೆಳ್ಳಿಗಾಗಿ, ಬೆಳ್ಳಿ ಗೆರೆಗಾಗಿ.

ಹುಕ್ಕಾ ಆರಿದ ಮೇಲೆ

ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೆಯ ಬಿದ್ರಿಯನ್ನು ಕಂಡವರು ಅದನ್ನು ಅಲಂಕಾರದ ವಸ್ತುವೆಂದೇ ತಿಳಿಯುತ್ತಾರೆ. ನಿಜವಾಗಿ ಅದು ದಿನಬಳಕೆಯ ಸಾಮಾನು. ಪಾನ್‌ದಾನ್, ಕೈ ತೊಳೆಯಲು ನೀರು ಹನಿಸುವ ಹೂಜಿ, ಪೀಕದಾನಿ, ತಟ್ಟೆ, ಮಂಚದ ಕಾಲು, ಎಲ್ಲಕ್ಕಿಂತ ಹೆಚ್ಚಾಗಿ ಹುಕ್ಕಾದ ನೀರಿನ ಬುರುಡೆ. ಪೋರ್ಚುಗೀಸರ ಮೂಲಕ ದಖ್ಖನ್ನಿಗೆ ಬಂದ ಹೊಗೆಸೊಪ್ಪನ್ನು ಅಕ್ಬರನ ಆಸ್ಥಾನಕ್ಕೆ ಒಯ್ದವನು ವಿಜಾಪುರಕ್ಕೆ ಬಂದು ಹೋದ ಅವನ ದೂತ ಅಸದ್ ಬೇಗ್. ಅದು 1604-05ರ ಸುಮಾರು. ಮುಂದೆ ಹುಕ್ಕಾ ಶ್ರೀಮಂತರ ಮನೆಯ ಮರ್ಯಾದೆಯಾಯಿತು. ಉದ್ದದ ಕೊಳವೆ ಎಳೆದಾಗ ಬುರುಡೆ ಉರುಳಬಾರದು, ನೀರು ಚೆಲ್ಲಬಾರದು, ಆದ್ದರಿಂದ ತೂಕ ಬೇಕು. ಎರಕದ ಸತುವಿಗೆ ಆ ತೂಕವಿತ್ತು. ಮೊದಲು ಚೆಂಡಿನಂತೆ ದುಂಡಗಿದ್ದ ಬುರುಡೆ 18ನೆಯ ಶತಮಾನದಲ್ಲಿ ಗಂಟೆಯಂತೆ ತಳ ಅಗಲವಾಯಿತು. ಬಳುಕಿನ ಆ ಚೆಲುವಾದ ಆಕಾರದ ಹಿಂದೆ ಉರುಳದೆ ನಿಲ್ಲಬೇಕೆಂಬ ಸರಳ ಭೌತಶಾಸ್ತ್ರವಿದೆ.

ಒಂದು ಕಾಲಕ್ಕೆ ಬಿದ್ರಿ ಕೆಲಸ ಲಖನೌ, ಮುರ್ಷಿದಾಬಾದ್, ಬಿಹಾರದ ಪೂರ್ಣಿಯಾಗಳಲ್ಲೂ ನಡೆಯುತ್ತಿತ್ತು. ನವಾಬರು ಹೋದರು, ಹುಕ್ಕಾ ಆರಿತು, ವೀಳ್ಯದ ತಟ್ಟೆ ಅಟ್ಟ ಸೇರಿತು. ಬೇಡಿಕೆ ನಿಂತ ಕಡೆ ಕೆಲಸವೂ ಬತ್ತಿತು. ಇಂದು ಬಿದ್ರಿ ಮುಖ್ಯವಾಗಿ ಉಳಿದಿರುವುದು ಬೀದರ್ ಮತ್ತು ಹೈದರಾಬಾದುಗಳಲ್ಲಿ. ಕುಶಲತೆ ಎಷ್ಟು ದೊಡ್ಡದಾದರೂ ಬಳಸುವ ಕೈ ಇಲ್ಲದೆ ಅದು ಬದುಕದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗೌರವಕ್ಕೆ ಈಗ ಕೊರತೆಯಿಲ್ಲ. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ಬಿದ್ರಿ ದೆಹಲಿಯ ರಾಜಪಥದಲ್ಲಿ ಸಾಗಿತು. ಬೀದರ್‌ನ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಿದ್ರಿಯನ್ನು ನೋಡಲು ಜನ ನಿಲ್ಲುತ್ತಾರೆ.

ಆದರೆ ಓಣಿಯ ಅಂಗಡಿಯಲ್ಲಿ ನಡೆಯುವ ಮಾತೇ ಬೇರೆ. ಅಂಗೈಯಷ್ಟಗಲದ ಡಬ್ಬಿಯನ್ನು ಕೈಗೆತ್ತಿಕೊಂಡ ಗಿರಾಕಿ ಬೆಲೆ ಕೇಳಿ ಹುಬ್ಬೇರಿಸುತ್ತಾರೆ.

"ಇಷ್ಟ್ ಸಣ್ಣದಕ್ಕ ಇಷ್ಟ್ಯಾಕ್ರೀ ರೊಕ್ಕ?"

"ಬೆಳ್ಳಿ ರೇಟ್ ಎಷ್ಟೈತಿ ನಿಮಗೂ ಗೊತ್ತೈತಲ್ರಿ ಸಾಹೇಬ್ರ."

"ಅದರಾಗ ಬೆಳ್ಳಿ ಎಷ್ಟ್ ಇರ್ತದ? ನೂಲಿನಷ್ಟು!"

ಅಂಗಡಿಯವರು ಮತ್ತೆ ಮಾತಾಡುವುದಿಲ್ಲ. ಮಾತಾಡಿದ್ದರೆ ಹೀಗೆನ್ನಬಹುದಿತ್ತು: ಬೆಲೆ ಬೆಳ್ಳಿಯದಷ್ಟೇ ಅಲ್ಲ, ಆ ನೂಲನ್ನು ಅಲ್ಲಿ ಕೂರಿಸಿದ ಬೆಳಗು ಸಂಜೆಗಳದು. ಹಗಲೆಲ್ಲ ಬಗ್ಗಿ ಕುಳಿತ ಬೆನ್ನಿನದು, ಗೆರೆ ನೋಡಿ ನೋಡಿ ಸೋತ ಕಣ್ಣಿನದು. ಇದೇ ಓಣಿಯ ಹುಡುಗರು ಹೈದರಾಬಾದಿನಲ್ಲಿ ಬೇರೆ ದುಡಿಮೆ ಹುಡುಕಿ ಹೋದರೆ ಅವರನ್ನು ದೂರುವಂತಿಲ್ಲ. ಹದ ಕಲಿಯಲು ವರ್ಷಗಳು ಬೇಕು, ಮನೆ ಒಲೆ ಮಾತ್ರ ದಿನವೂ ಉರಿಯಬೇಕು. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ತಂತಿ ತೆಳ್ಳಗಾಗುತ್ತದೆ, ಚಿತ್ತಾರ ವಿರಳವಾಗುತ್ತದೆ. ಇನ್ನು ಕೋಟೆ ರಕ್ಷಿತ ಸ್ಮಾರಕ. ಅದರ ಹಳೆಯ ಮಣ್ಣೂ ಮುಗಿಯದ ಗಣಿಯೇನಲ್ಲ.

ಹೊಸ ಕೆಲಸ, ಹಳೆಯ ಕೈ

ಕಸುಬುದಾರರು ಕೈಕಟ್ಟಿ ಕುಳಿತಿಲ್ಲ. ಹುಕ್ಕಾದ ಬುರುಡೆ ಹೂದಾನಿಯಾಯಿತು. ಪಾನ್‌ದಾನ್ ಆಭರಣದ ಡಬ್ಬಿಯಾಯಿತು. ಕಾಗದದ ಮೇಲಿಡುವ ತೂಕ, ಲೇಖನಿಯ ಗೂಡು, ಕಿವಿಯೋಲೆ, ಬಳೆ, ಪದಕ, ಬೀಗದ ಕೈ ಗೊಂಚಲು, ಕಂಪ್ಯೂಟರಿಗೆ ಸಿಕ್ಕಿಸುವ ಪೆನ್ ಡ್ರೈವಿನ ಕವಚದವರೆಗೆ ಬಿದ್ರಿ ಬಂದಿದೆ. ಮೆರುಗು ಕೊಡಲು ವಿದ್ಯುತ್ ಯಂತ್ರವೂ ಬಂದಿದೆ. ಉಳಿ ಮಾತ್ರ ಕೈಯಲ್ಲೇ ಇದೆ.

ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಸುಲ್ತಾನರ ಕಲೆ ಬೀಗದ ಕೈಗೆ ಇಳಿಯಿತೆಂಬುದು ಅವರ ವ್ಯಥೆ. ಆದರೆ ಹುಕ್ಕಾ ಕೂಡ ತನ್ನ ಕಾಲದ ಹೊಸ ಚಟಕ್ಕೆ ಒದಗಿದ ಹೊಸ ಸಾಮಾನೇ ಆಗಿತ್ತು. ಕಸುಬು ಬದುಕಿದ್ದು ಆಗಲೂ ಹೀಗೆಯೇ. ಕೇಳಬೇಕಾದ ಪ್ರಶ್ನೆ ವಸ್ತು ಯಾವುದೆಂದಲ್ಲ, ಗೆರೆ ಕೆಟ್ಟಿದೆಯೇ ಎಂದು. ಗೆರೆ ನೇರವಿದ್ದರೆ, ಬೆಳ್ಳಿ ಬಿಗಿಯಾಗಿ ಕುಳಿತಿದ್ದರೆ, ಕಪ್ಪು ಲೋಹದ್ದೇ ಆಗಿದ್ದರೆ ಬೆರಳಗಲದ ಪದಕವೂ ಬಿದ್ರಿಯೇ. ಬಣ್ಣ ಬಳಿದು ಕಪ್ಪು ಮಾಡಿದ್ದಾದರೆ ಆಳೆತ್ತರದ ಹೂದಾನಿಯೂ ಬಿದ್ರಿಯಲ್ಲ. ಬಣ್ಣ ಮೇಲೆ ಕೂರುವಂಥದು, ಗೀರಿದರೆ ಪದರಾಗಿ ಏಳುತ್ತದೆ. ಬಿದ್ರಿಯ ಕಪ್ಪು ಲೋಹದ ಮೈಯಿಂದಲೇ ಹುಟ್ಟಿದ್ದು, ಹಾಗೆ ಏಳುವುದಿಲ್ಲ.

ಇಂದಿನ ಮನೆಗಳಲ್ಲಿ ಸಾಮಾನಿಗೆ ಬರವಿಲ್ಲ. ವರ್ಷಕ್ಕೊಮ್ಮೆ ಮುರಿದು ಎಸೆಯುವ ಪ್ಲಾಸ್ಟಿಕ್ ಡಬ್ಬಿಗಳು ಕಪಾಟಿನ ತುಂಬ ಇವೆ. ಅವುಗಳ ನಡುವೆ ಒಂದೇ ಒಂದು ಒಳ್ಳೆಯ ವಸ್ತುವನ್ನು ಇಟ್ಟು, ಅದನ್ನು ದಿನವೂ ಮುಟ್ಟುವುದು ದೊಡ್ಡ ಖರ್ಚಿನ ಮಾತೇನಲ್ಲ. ಬಿದ್ರಿಯ ಡಬ್ಬಿ ಕುಂಕುಮಕ್ಕೋ ಗುಂಡಿ, ಸೂಜಿಗಳಿಗೋ ಆಗಲಿ. ಮೇಜಿನ ಕಾಗದ ಹಾರದಂತೆ ಹಿಡಿಯಲಿ. ಸನ್ಮಾನದ ಶಾಲಿನ ಜೊತೆ ಬಂದು, ಪೆಟ್ಟಿಗೆ ಬಿಚ್ಚದೆ ಷೋಕೇಸ್ ಸೇರುವುದಕ್ಕಿಂತ ಅದು ಲೇಸು.

ಕಾಪಾಡಿಕೊಳ್ಳುವುದೂ ಸುಲಭ. ಒಂದು ಎಚ್ಚರಿಕೆ ಸಾಕು: ಹಿತ್ತಾಳೆ ತಂಬಿಗೆಯಂತೆ ಇದನ್ನು ಹುಣಸೆಹಣ್ಣು, ನಿಂಬೆ ಹಾಕಿ ತಿಕ್ಕಬಾರದು. ಸತುವಿನ ಮೇಲೆ ಆಮ್ಲ ಬಿದ್ದರೆ ಏನಾಗುವುದೆಂಬುದು ಹತ್ತನೆಯ ತರಗತಿಯ ವಿದ್ಯಾರ್ಥಿಗೂ ಗೊತ್ತು. ಹುಳಿ ಪದಾರ್ಥ ಇಡಬಾರದು. ಕೆಳಗೆ ಬೀಳಿಸಬಾರದು, ಪೆಡಸು ಲೋಹ ಬಿರಿಯುತ್ತದೆ. ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಆಗೊಮ್ಮೆ ಈಗೊಮ್ಮೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ಕಪ್ಪು ಮತ್ತೆ ಕಳೆಗಟ್ಟುತ್ತದೆ.

ಬೀದರ್ ಈಗ ಮೊದಲಿನಷ್ಟು ದೂರವಿಲ್ಲ. ಬೆಂಗಳೂರಿನಿಂದ ಸುಮಾರು 700 ಕಿಲೋಮೀಟರ್ ಇದ್ದರೂ 2017ರಲ್ಲಿ ಕಲಬುರಗಿ-ಬೀದರ್ ರೈಲು ಮಾರ್ಗ ತೆರೆದ ಮೇಲೆ ಸುತ್ತು ಕಡಿಮೆಯಾಗಿದೆ. ಹೋದವರು ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಮ್ಮಟಗಳನ್ನು ನೋಡಿ ಅಂದೇ ಮರಳುವುದುಂಟು. ಅವರು ಸಂಜೆಯ ಒಂದು ಗಂಟೆಯನ್ನು ಬಿದ್ರಿಯ ಓಣಿಗೆ ಮೀಸಲಿಡಬೇಕು. ಕೊಳ್ಳಲೇಬೇಕೆಂದಿಲ್ಲ. ಕಪ್ಪು ಮಾಡುವ ಹೊತ್ತಿಗೆ ಅಲ್ಲಿರುವ ಅದೃಷ್ಟ ಒದಗಿದರೆ ಸಾಕು.

ಏನೂ ಕಾಣದ ಬೂದು ತಟ್ಟೆಯೊಂದು ಮಣ್ಣಿನ ರಾಡಿಯಲ್ಲಿ ಇಳಿಯುತ್ತದೆ. ಕೆಲಸಗಾರ ಅದನ್ನೆತ್ತಿ ನೀರಿನಲ್ಲಿ ಅದ್ದಿ, ಹೆಬ್ಬೆರಳಿನಿಂದ ಒಮ್ಮೆ ಒರೆಸುತ್ತಾನೆ. ಹೆಬ್ಬೆರಳು ಹೋದ ದಾರಿಯಲ್ಲಿ ಬೆಳ್ಳಿಯ ಬಳ್ಳಿಯೊಂದು ಎದ್ದು ಬರುತ್ತದೆ. ನೂರಾರು ಸಲ ಇದನ್ನು ನೋಡಿರುವ ಅವನೂ ಆ ಕ್ಷಣ ತಟ್ಟೆಯನ್ನು ಬೆಳಕಿಗೆ ಹಿಡಿಯದೆ ಕೆಳಗಿಡುವುದಿಲ್ಲ.